ಅಂತಸ್ತಿನ ಆಟಗಳು ಮತ್ತು ಬೇಸರದ ಇತಿಹಾಸ

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಡೆಯುವವರಿಗೆ ಗೋಲಗುಮ್ಮಟವು ಕಣ್ಣಿಗೆ ಬೀಳದೆ ಇರದು. ಸನ್ 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಈ ಸಮಾಧಿಮಂದಿರದ ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಗೋಪುರಗಳಿವೆ. ಅವುಗಳೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿಯೇ ಪ್ರತಿಧ್ವನಿಯ ಗ್ಯಾಲರಿಯನ್ನು ಮುಟ್ಟಬೇಕು. ಏರುವಾಗ ಮೊಣಕಾಲು ನೋಯುವುದುಂಟು, ಉಸಿರು ಮೇಲೆ ಸೇರುವುದುಂಟು. ಆದರೆ ಆ ಏರಿಕೆಯನ್ನು ಬೇಸರದ ಕೆಲಸವೆಂದು ಕರೆಯುವವರು ವಿರಳ. ಅದು ಎಲ್ಲಿ ಮುಗಿಯುವುದೆಂಬುದೂ ಮುಗಿದ ಮೇಲೆ ದೊರೆಯುವುದೇನೆಂಬುದೂ ಏರುವವರಿಗೆ ಮೊದಲೇ ಗೊತ್ತಿರುತ್ತದೆ.

ಇಂದಿನ ತರುಣರಲ್ಲಿ ಅನೇಕರು ಬೇರೊಂದು ಬಗೆಯ ಅಂತಸ್ತುಗಳನ್ನು ಏರುತ್ತಿರುವರು. ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಆಡುವ ಪಾತ್ರಧಾರಣೆಯ ಆನ್‌ಲೈನ್ ಆಟಗಳಲ್ಲಿ ಆಟಗಾರನು ಒಬ್ಬ ಯೋಧನನ್ನೋ ಮಾಂತ್ರಿಕನನ್ನೋ ತನ್ನ ಪಾತ್ರವನ್ನಾಗಿ ಆರಿಸಿಕೊಂಡು, ಹಂದಿ ತೋಳ ರಾಕ್ಷಸರನ್ನು ಕೊಂದು, ಅನುಭವದ ಅಂಕಗಳನ್ನು ಕೂಡಿಸಿ, ಒಂದನೆಯ ಅಂತಸ್ತಿನಿಂದ ಎರಡನೆಯದಕ್ಕೆ, ಹತ್ತರಿಂದ ಹನ್ನೊಂದಕ್ಕೆ ಏರಬೇಕಾಗುತ್ತದೆ. ಒಂದೇ ಜಾತಿಯ ಮೃಗವನ್ನು ನೂರಾರು ಸಲ ಕೊಲ್ಲುವ ಈ ಕೆಲಸವು ಆಟವೋ ದುಡಿಮೆಯೋ ಎಂಬ ವಾದವು ಆಟಗಾರರಲ್ಲಿಯೇ ಬಹುಕಾಲದಿಂದ ನಡೆದಿದೆ. ಬೇಸರವು ಆಡುವವನ ಮನೋಧರ್ಮದಲ್ಲಿದೆಯೆಂದು ಕೆಲವರೂ, ಆಟದ ರಚನೆಯಲ್ಲಿದೆಯೆಂದು ಕೆಲವರೂ ಹೇಳುವರು. ಈ ಅಂತಸ್ತುಗಳು ಹೇಗೆ ಹುಟ್ಟಿ ಹೇಗೆ ಬೆಳೆದುವೆಂಬುದನ್ನು ನೋಡಿದರೆ ಇದರ ನಿರ್ಣಯವು ಸುಲಭವಾಗುವುದು.

ಮೇಲೇರುವ ಆಟವು ನಮ್ಮ ನಾಡಿಗೆ ಹೊಸದಲ್ಲ. ಪರಮಪದ ಸೋಪಾನಪಟದಲ್ಲಿ ಸದ್ಗುಣಗಳೇ ಏಣಿಗಳು, ದುರ್ಗುಣಗಳೇ ಹಾವುಗಳು. ಕೊನೆಯ ಮನೆಯೇ ಮೋಕ್ಷ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಆಟವು ಇಂಗ್ಲೆಂಡನ್ನು ಸೇರಿ, ಮಕ್ಕಳ ಹಾವು-ಏಣಿ ಆಟವಾಯಿತು. ಆದರೆ ಅದರಲ್ಲಿ ಏರುವವನ ದುಡಿಮೆಯೆಂಬುದಿಲ್ಲ. ದಾಳವು ಬಿದ್ದಂತೆ ಕಾಯಿ ನಡೆಯುವುದು. ಹಾವಿನ ಬಾಯಿಗೆ ಬಿದ್ದವನು ನಗುವನು ಇಲ್ಲವೆ ಮರುಗುವನು. ಬೇಸರಪಡುವುದಕ್ಕೆ ಅವನಿಗೆ ಪುರಸತ್ತೇ ಇರುವುದಿಲ್ಲ.

ಏರಿಕೆಗೆ ದುಡಿಮೆಯನ್ನು ಜೋಡಿಸಿದುದು ಅಮೇರಿಕೆಯಲ್ಲಿ. ಸನ್ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತ ಗೆಳೆಯರಲ್ಲಿ ಒಬ್ಬನು ಕಥೆಯನ್ನು ನಡೆಯಿಸುವನು. ಉಳಿದವರು ಪಾತ್ರಗಳಾಗಿ ಗುಹೆಗಳನ್ನು ಹೊಕ್ಕು ಹೋರಾಡುವರು. ಗೆದ್ದ ನಿಧಿಗೂ ಕೊಂದ ರಾಕ್ಷಸರಿಗೂ ತಕ್ಕಂತೆ ಅಂಕಗಳನ್ನು ಪಡೆದು ಅಂತಸ್ತನ್ನು ಏರುವರು. ಇಂದಿನ ಆಟಗಳ ಈ ಪದ್ಧತಿಗೆ ಮೂಲವು ಅಲ್ಲಿಯೇ ಇದೆ. ಆದರೆ ಕಥೆ ನಡೆಯಿಸುವವನು ಗೆಳೆಯರ ಮೋರೆಯನ್ನು ನೋಡುತ್ತಲೇ ಆಡಿಸುತ್ತಿದ್ದನು. ಅವರಿಗೆ ಆಕಳಿಕೆ ಬಂದರೆ ಕಥೆಯನ್ನು ತಿರುಗಿಸುವುದು ಅವನ ಕೈಯಲ್ಲಿತ್ತು.

ಸನ್ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾದ ರಾಯ್ ಟ್ರಬ್‌ಶಾ ಎಂಬವನು ಅನೇಕರು ಏಕಕಾಲಕ್ಕೆ ಕಂಪ್ಯೂಟರಿನಲ್ಲಿ ಆಡಬಹುದಾದ ‘ಮಡ್’ ಎಂಬ ಆಟವನ್ನು ಆರಂಭಿಸಿದನು. ಅವನ ಸಂಗಡಿಗನಾದ ರಿಚರ್ಡ್ ಬಾರ್ಟಲ್ ಅದನ್ನು ಪೂರ್ಣಗೊಳಿಸಿದನು. ಅದರಲ್ಲಿ ಚಿತ್ರಗಳಿರಲಿಲ್ಲ, ಎಲ್ಲವೂ ಅಕ್ಷರಗಳಲ್ಲಿಯೇ. ಅಂತಸ್ತುಗಳಿದ್ದುವು, ಆದರೆ ಅವುಗಳಿಗೆ ಕೊನೆಯೂ ಇತ್ತು. ತುದಿಯನ್ನು ಮುಟ್ಟಿದವನು ‘ವಿಝರ್ಡ್’ ಎನಿಸಿಕೊಂಡು, ಆಟದ ಲೋಕವನ್ನೇ ಆಳುವ ಅಧಿಕಾರವನ್ನು ಪಡೆಯುತ್ತಿದ್ದನು. ನೆಲದಲ್ಲಿ ಮೆಟ್ಟಿಲು, ತುದಿಯಲ್ಲಿ ಗ್ಯಾಲರಿ ಎಂಬ ಗೋಲಗುಮ್ಮಟದ ನ್ಯಾಯವೇ ಇಲ್ಲಿಯೂ ನಡೆಯಿತು.

ಈ ನ್ಯಾಯವು ಕೆಟ್ಟುದು ಆಟವು ವ್ಯಾಪಾರವಾದಂದಿನಿಂದ. ಸನ್ 1985ರಲ್ಲಿ ಅಮೇರಿಕೆಯ ಕಂಪ್ಯೂಸರ್ವ್ ಜಾಲದಲ್ಲಿ ನಡೆಯುತ್ತಿದ್ದ ‘ಐಲೆಂಡ್ಸ್ ಆಫ್ ಕೆಸ್ಮಾಯ್’ ಎಂಬ ಆಟಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ತೆರಬೇಕಾಗಿತ್ತು. ವೇಗದ ಸಂಪರ್ಕಕ್ಕೆ ಗಂಟೆಗೆ 12 ಡಾಲರು. ಮುಂದೆ 1997ರ ‘ಅಲ್ಟಿಮಾ ಆನ್‌ಲೈನ್’, 1999ರ ‘ಎವರ್‌ಕ್ವೆಸ್ಟ್’ ಮೊದಲಾದ ಆಟಗಳಲ್ಲಿ ತಿಂಗಳ ಚಂದಾ ರೂಢಿಗೆ ಬಂದಿತು. ಆಟಗಾರನು ಬೇಗನೆ ತುದಿಯನ್ನು ಮುಟ್ಟಿದರೆ ಚಂದಾ ನಿಂತೀತೆಂಬ ಅಂಜಿಕೆಯು ಆಟ ಕಟ್ಟುವವರಿಗೆ ಸಹಜವೇ. ‘ಎವರ್‌ಕ್ವೆಸ್ಟಿ’ನಲ್ಲಿ ಪಾತ್ರವು ಸತ್ತರೆ ಗಳಿಸಿದ ಅಂಕಗಳಲ್ಲಿ ಕೆಲವು ಕಳೆದುಹೋಗುತ್ತಿದ್ದುವು. ನಡುನಡುವೆ ಕೆಲವು ಅಂತಸ್ತುಗಳಂತೂ ಎಷ್ಟು ದೀರ್ಘವಾಗಿದ್ದುವೆಂದರೆ, ಆಟಗಾರರು ಅವುಗಳನ್ನು ನರಕದ ಅಂತಸ್ತುಗಳೆಂದೇ ಕರೆದರು.

ಇಂಥ ದುಡಿಮೆಗೆ ಇಂಗ್ಲಿಷ್ ಆಡುವ ಆಟಗಾರರು ಇಟ್ಟ ಹೆಸರು ‘ಗ್ರೈಂಡ್’, ಅರ್ಥಾತ್ ಬೀಸುವುದು. ಕೊರಿಯಾದವರು ಇದನ್ನು ‘ನೊಗಾದಾ’ ಎನ್ನುವರು. ಅದು ಮೈಮುರಿದು ದುಡಿಯುವ ಕೂಲಿ ಕೆಲಸದ ಹೆಸರು. ಬೀಸುವುದೆಂದರೇನೆಂಬುದನ್ನು ವಿಜಯಪುರದ ಜೋಳದ ನಾಡಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟಿನ ಗಿರಣಿಗಳು ಬರುವ ಮೊದಲು ಇಲ್ಲಿಯ ಹೆಣ್ಣುಮಕ್ಕಳು ಬೆಳಗಾಗುವ ಮುನ್ನ ಎದ್ದು, ಹಿಡಿಹಿಡಿಯಾಗಿ ಜೋಳವನ್ನು ಹಾಕುತ್ತ, ಬೀಸುಕಲ್ಲನ್ನು ತಿರುಗಿಸುತ್ತಿದ್ದರು. ಒಂದೇ ಸುತ್ತು, ಒಂದೇ ಸಪ್ಪಳ. ತೋಳು ಸೋಲುವ ಆ ದುಡಿಮೆಯ ಜೊತೆಯಲ್ಲಿಯೇ ತವರನ್ನೂ ಅಣ್ಣತಮ್ಮಂದಿರನ್ನೂ ಕಂದಮ್ಮಗಳನ್ನೂ ಕುರಿತ ತ್ರಿಪದಿಗಳು ಹರಿದುವು. ಈ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ಕೂಡಿಹಾಕಿದುದರಿಂದಲೇ ಸನ್ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವು ಕನ್ನಡಿಗರ ಕೈಸೇರಿತು.

ಬೀಸುವ ಕಷ್ಟವನ್ನು ಹಾಡಿನ ಸೊಗಸಿನಿಂದ ಮರೆಮಾಡುವುದು ಸಲ್ಲದು. ಗಿರಣಿ ಬಂದಾಗ ಕಲ್ಲನ್ನು ಮೂಲೆಗೆ ಸರಿಸಿದವರು ಅದಕ್ಕಾಗಿ ಅತ್ತಿರಲಾರರು. ಆದರೂ ಆ ದುಡಿಮೆಗೊಂದು ಅಳತೆಯಿತ್ತು. ಅಂದಿನ ರೊಟ್ಟಿಗೆ ಬೇಕಾದಷ್ಟು ಜೋಳವು ಬುಟ್ಟಿಯಲ್ಲಿರುತ್ತಿತ್ತು. ಬುಟ್ಟಿ ಬರಿದಾದರೆ ಕಲ್ಲು ನಿಲ್ಲುತ್ತಿತ್ತು. ಹಿಟ್ಟು ಮನೆಯವರ ಹೊಟ್ಟೆಗೆ ಸೇರುತ್ತಿತ್ತು.

ಈ ಅಳತೆಯನ್ನು ಮುಂದಿಟ್ಟುಕೊಂಡು ಸನ್ 2004ರಲ್ಲಿ ಹೊರಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಪ್ರಖ್ಯಾತವಾದ ಆಟವನ್ನು ನೋಡಬೇಕು. ಸನ್ 2010ರಲ್ಲಿ ಇದರ ಚಂದಾದಾರರ ಸಂಖ್ಯೆಯು 1 ಕೋಟಿ 20 ಲಕ್ಷಕ್ಕೆ ಮುಟ್ಟಿತ್ತು. ಮೊದಲು ಇದರ ತುದಿ 60ನೆಯ ಅಂತಸ್ತು. ಅದನ್ನು ಏರಿ ಉಸಿರುಬಿಟ್ಟವರಿಗೆ 2007ರಲ್ಲಿ ತುದಿಯು 70 ಆಯಿತು. 2008ರಲ್ಲಿ 80, 2010ರಲ್ಲಿ 85, 2012ರಲ್ಲಿ 90, 2014ರಲ್ಲಿ 100, 2016ರಲ್ಲಿ 110, 2018ರಲ್ಲಿ 120. ಪ್ರತಿಯೊಂದು ಏರಿಕೆಗೂ ಹೊಸ ಕಂತನ್ನು ಕೊಳ್ಳಬೇಕಾಯಿತು. ಕೊನೆಗೆ ಸನ್ 2020ರಲ್ಲಿ ಕಟ್ಟಿದವರೇ ಅಂಕಿಗಳನ್ನು ಕುಗ್ಗಿಸಿ ಮರಳಿ 60ಕ್ಕೆ ತಂದಿಟ್ಟರು. ಬುಟ್ಟಿ ಬರಿದಾಗುವ ಹೊತ್ತಿಗೆ ಬೇರೆಯವರು ಬಂದು ಅದರಲ್ಲಿ ಜೋಳ ಸುರಿಯುತ್ತಿದ್ದರೆ ಬೀಸುವವಳ ಗತಿಯೇನೋ ಈ ಆಟಗಾರರ ಗತಿಯೂ ಅದೇ ಆಯಿತು.

ಬೇಸರವು ಬರಿಯ ಪರಿಶ್ರಮದ ಅಳತೆಯಲ್ಲಿಲ್ಲವೆಂಬುದಕ್ಕೆ ಇದೇ ಆಟದ ಪೂರ್ವಪರೀಕ್ಷೆಯಲ್ಲಿ ನಡೆದ ಸಂಗತಿಯೊಂದು ಸಾಕ್ಷಿಯಾಗಿದೆ. ಬಹಳ ಹೊತ್ತು ಆಡಿದವನಿಗೆ ಅಂಕಗಳು ಅರ್ಧವಾಗುವಂತೆ ಮೊದಲು ನಿಯಮವನ್ನು ಮಾಡಿದ್ದರು; ಆಟಗಾರರು ಸಿಟ್ಟಾದರು. ಆಗ ಕಟ್ಟಿದವರು ಆ ಅರ್ಧವನ್ನೇ ಸಾಮಾನ್ಯವೆಂದು ಕರೆದು, ವಿಶ್ರಾಂತಿ ಪಡೆದು ಬಂದವನಿಗೆ ಇಮ್ಮಡಿ ಅಂಕಗಳೆಂದು ಸಾರಿದರು. ಲೆಕ್ಕವು ಹೆಚ್ಚುಕಡಿಮೆ ಅದೇ ಇದ್ದರೂ ದಂಡವೆನಿಸಿದುದು ಬಹುಮಾನವೆನಿಸಿ, ದೂರು ಅಡಗಿತು.

ಆದರೂ ಅನೇಕರಿಗೆ ಬೀಸುವುದು ಸಾಕಾಯಿತು. ಚೀನದಲ್ಲಿ ಅನ್ಯರ ಸಲುವಾಗಿ ಆಡಿ ಹೊನ್ನನ್ನೂ ಅಂತಸ್ತನ್ನೂ ಗಳಿಸಿಕೊಡುವ ಕೂಲಿಗಳ ಕಾರ್ಖಾನೆಗಳೇ 2005ರ ಸುಮಾರಿಗೆ ಹುಟ್ಟಿಕೊಂಡಿದ್ದುವು. ಸನ್ 2014ರಲ್ಲಿ ‘ವಾರ್‌ಕ್ರಾಫ್ಟ್’ ಆಟದವರು ತಾವಾಗಿಯೇ 60 ಡಾಲರಿಗೆ ಒಂದು ಪಾತ್ರವನ್ನು ನೇರವಾಗಿ 90ನೆಯ ಅಂತಸ್ತಿಗೆ ಏರಿಸಿಕೊಡತೊಡಗಿದರು. ಮೆಟ್ಟಿಲನ್ನು ಉದ್ದಮಾಡಿದವರೇ ಅದನ್ನು ತಪ್ಪಿಸುವ ಬೆಲೆಯನ್ನೂ ಪಡೆದಂತಾಯಿತು. ಇಂದು ಪುಕ್ಕಟೆಯೆಂದು ಹೇಳಿಸಿಕೊಳ್ಳುವ ಎಷ್ಟೋ ಮೊಬೈಲ್ ಆಟಗಳ ಗಳಿಕೆಯು ಈ ಹಾದಿಯದೇ ಆಗಿದೆ.

ಹಾಗಾದರೆ ಏರಿಕೆಯೇ ಬೇಡವೆ? ಸನ್ 2019ರ ಆಗಸ್ಟಿನಲ್ಲಿ ಅದೇ ಆಟದ ಹಳೆಯ ರೂಪವನ್ನು ನಿಧಾನವಾದ ಏರಿಕೆಯೊಡನೆ ಮರಳಿ ತೆರೆದಾಗ ಒಳಹೋಗಲು ಜನರು ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ಅಲ್ಲಿ ತುದಿಯು 60 ಎಂದು ಎಲ್ಲರಿಗೂ ಗೊತ್ತಿತ್ತು. ಕಠಿಣವಾದ ಕೆಲಸಕ್ಕೆ ಜೊತೆಗಾರರನ್ನು ಹುಡುಕಿಕೊಳ್ಳಲೇಬೇಕಾಗಿತ್ತು. ಬೀಸುತ್ತಲೇ ಮಾತುಕತೆ ಬೆಳೆಯುತ್ತಿತ್ತು. ಆಟಗಾರರಲ್ಲಿ ಗಳಿಸುವವರು, ಅರಸಿ ತಿರುಗುವವರು, ಸ್ನೇಹ ಬಯಸುವವರು, ಕೆಣಕಿ ಹೋರಾಡುವವರು ಎಂದು ನಾಲ್ಕು ಬಗೆಯುಂಟೆಂದು ಬಾರ್ಟಲ್ 1996ರಲ್ಲಿಯೇ ಬರೆದಿದ್ದನು. ಅಂತಸ್ತಿನ ಸುಖವು ಮುಖ್ಯವಾಗಿ ಮೊದಲನೆಯವರದು. ಮೂರನೆಯವರಿಗೆ ಅದು ನೆವ ಮಾತ್ರ. ಆದುದರಿಂದ ಒಂದೇ ಮೆಟ್ಟಿಲು ಒಬ್ಬನಿಗೆ ಸವಿಯೂ ಇನ್ನೊಬ್ಬನಿಗೆ ಕಹಿಯೂ ಆಗಬಹುದು.

ಈ ಐವತ್ತು ವರ್ಷಗಳ ಇತಿಹಾಸದಿಂದ ತಿಳಿಯುವುದಿಷ್ಟು: ಮಾಡಿದ್ದನ್ನೇ ಮಾಡುವುದರಿಂದ ಮಾತ್ರ ಬೇಸರ ಹುಟ್ಟುವುದಿಲ್ಲ. ಬುಟ್ಟಿಯನ್ನು ತುಂಬುವವನೂ ಕಲ್ಲನ್ನು ತಿರುಗಿಸುವವನೂ ಬೇರೆಬೇರೆಯಾಗಿ, ಹಿಟ್ಟು ತುಂಬಿಸಿದವನ ಪಾಲಾದಾಗ ಅದು ಹುಟ್ಟುವುದು. ಮನೆಯ ಮಕ್ಕಳು ಇಂಥ ಆಟಕ್ಕೆ ಕುಳಿತಾಗ ಹಿರಿಯರು ಅದೆಷ್ಟು ಹೊತ್ತಾಯಿತೆಂದು ಗದರಿಸುವುದು ಸಾಮಾನ್ಯ. ಅದರ ಜೊತೆಗೆ, ಇದು ಎಲ್ಲಿ ಮುಗಿಯುವುದು, ಜೊತೆಗೆ ಯಾರಿರುವರು, ಮುಂದಿನ ಅಂತಸ್ತಿಗೆ ಯಾರು ಹಣ ಕೇಳುತ್ತಿರುವರು ಎಂದು ಕೇಳಿದರೆ ಹೆಚ್ಚು ಪ್ರಯೋಜನವಾದೀತು. ಉತ್ತರವು ಹುಡುಗನಿಗೆ ತಾನಾಗಿಯೇ ತಿಳಿದರೆ, ಕಲ್ಲನ್ನು ಯಾವಾಗ ನಿಲ್ಲಿಸಬೇಕೆಂಬುದೂ ಅವನಿಗೇ ತಿಳಿದೀತು.