1882ರ ಪುಣೆಯ ಸಾಕ್ಷ್ಯವೂ ವೈದ್ಯಶಿಕ್ಷಣದಲ್ಲಿ ಗುರುಸಹಾಯವೂ

ಪುಣೆಯ ಪಶ್ಚಿಮದ ಅಂಚಿನಲ್ಲಿರುವ ಹಿಂಜವಾಡಿಯು ಇಂದು ಗಣಕೋದ್ಯಮದ ನೆಲೆಯಾಗಿ, ಕನ್ನಡಿಗರೂ ಸೇರಿದಂತೆ ನಾನಾ ಭಾಷೆಗಳ ಜನರಿಗೆ ಆಶ್ರಯವಾಗಿದೆ. ಇಂತಹ ಊರಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವ ರೋಗಿಯ ನುಡಿ ಯಾವುದು, ಸಂಕೋಚಗಳೇನು ಎಂಬುದನ್ನು ಮೊದಲೇ ಅರಿಯಲಾಗದು. ತುರ್ತು ವೈದ್ಯವನ್ನು ಭಾರತೀಯ ವೈದ್ಯಕೀಯ ಪರಿಷತ್ತು ಪ್ರತ್ಯೇಕ ಸ್ನಾತಕೋತ್ತರ ಶಾಖೆಯಾಗಿ ಅಂಗೀಕರಿಸಿದುದು 2009ರಲ್ಲಿ. ಶಾಖೆ ಹೊಸದಾದರೂ, ರೋಗಿಗಳ ವೈವಿಧ್ಯಕ್ಕೆ ತಕ್ಕ ವೈದ್ಯರನ್ನು ಸಿದ್ಧಗೊಳಿಸುವುದೆಂತು ಎಂಬ ಪ್ರಶ್ನೆ ಪುಣೆಗೆ ಹೊಸದಲ್ಲ.

1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಪುಣೆಯಲ್ಲಿ ಸಾಕ್ಷ್ಯ ನುಡಿದವರಲ್ಲಿ ಪಂಡಿತಾ ರಮಾಬಾಯಿಯವರೂ ಒಬ್ಬರು. ಅವರು 1858ರಲ್ಲಿ ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ ಜನಿಸಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಈ ದೇಶದ ಸ್ತ್ರೀಯರು ತಮ್ಮ ವ್ಯಾಧಿಯನ್ನು ಪುರುಷ ವೈದ್ಯರ ಮುಂದೆ ಹೇಳಿಕೊಳ್ಳಲಾರದೆ ಅಕಾಲಮರಣಕ್ಕೆ ತುತ್ತಾಗುತ್ತಿರುವರೆಂದೂ, ಆದುದರಿಂದ ಸ್ತ್ರೀಯರಿಗೆ ವೈದ್ಯಶಿಕ್ಷಣ ದೊರೆಯಬೇಕೆಂದೂ ಅವರು ವಾದಿಸಿದರು. ವೈದ್ಯಶಾಲೆಯ ಪ್ರವೇಶವನ್ನು ಅವರು ಕೇವಲ ಹಕ್ಕಿನ ಮಾತಾಗಿ ನೋಡದೆ ರೋಗಿಯ ಪ್ರಾಣದೊಡನೆ ಜೋಡಿಸಿದುದು ಗಮನಾರ್ಹ.

ಆದರೆ ಪ್ರವೇಶವೊಂದೇ ಸಾಲದೆಂಬುದಕ್ಕೆ ಅವರ ಸಮಕಾಲೀನರ ಚರಿತ್ರೆಯೇ ಪ್ರಮಾಣ. ಎಳೆಯ ವಯಸ್ಸಿನಲ್ಲಿಯೇ ಹಸುಗೂಸನ್ನು ಕಳೆದುಕೊಂಡ ಆನಂದಿಬಾಯಿ ಜೋಶಿಯವರು 1883ರಲ್ಲಿ ಅಮೆರಿಕೆಗೆ ತೆರಳಿದಾಗ, ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಅವರಿಗೆ ಮನೆಯಲ್ಲಿ ಆಶ್ರಯವಿತ್ತರು. ಪೆನ್ಸಿಲ್ವೇನಿಯಾದ ಸ್ತ್ರೀ ವೈದ್ಯಕೀಯ ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲೆಯವರು ಬೆಂಬಲವಾಗಿ ನಿಂತರು. 1886ರ ಪದವಿಪ್ರದಾನಕ್ಕೆ ರಮಾಬಾಯಿಯವರೂ ಹಾಜರಿದ್ದರು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ನೇಮಕವಾಗಿಯೂ, ಆನಂದಿಬಾಯಿಯವರು 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಅವರಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ತಾವು ಪಡೆದ ಆಸರೆಯನ್ನು ಮುಂದಿನವರಿಗೆ ನೀಡುವ ಅವಕಾಶ ಅವರಿಗೆ ಒದಗಲಿಲ್ಲ.

ರುಖ್ಮಾಬಾಯಿಯವರ ವಿಷಯದಲ್ಲಿ ಆ ಪರಂಪರೆ ಮುಂದುವರಿಯಿತು. ಮುಂಬಯಿಯ ಕಾಮಾ ಆಸ್ಪತ್ರೆಯ ಡಾ. ಎಡಿತ್ ಪೀಚಿಯವರು ಅವರನ್ನು ವೈದ್ಯಶಿಕ್ಷಣಕ್ಕೆ ಪ್ರೇರೇಪಿಸಿ, ಧನಸಂಗ್ರಹಕ್ಕೂ ನೆರವಾದರು. ಪೀಚಿಯವರು ಸ್ವತಃ 1869ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಪ್ರವೇಶಿಸಿ, ರಸಾಯನಶಾಸ್ತ್ರದಲ್ಲಿ ಅರ್ಹತೆಯಿದ್ದೂ ಹೋಪ್ ವಿದ್ಯಾರ್ಥಿವೇತನದಿಂದ ಸ್ತ್ರೀಯೆಂಬ ಕಾರಣಕ್ಕೆ ವಂಚಿತರಾದವರು. ತಾನು ತಡೆಯನ್ನು ಅನುಭವಿಸಿದವರು ಇನ್ನೊಬ್ಬರಿಗೆ ದಾರಿ ತೋರಿದ ನಿದರ್ಶನವಿದು. ರುಖ್ಮಾಬಾಯಿಯವರು 1894ರಲ್ಲಿ ವೈದ್ಯರಾಗಿ, ಸೂರತ್ ರಾಜಕೋಟೆಗಳಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದರು.

1885ರಲ್ಲಿ ಸ್ಥಾಪಿತವಾದ ಡಫರಿನ್ ನಿಧಿಯು ಸ್ತ್ರೀವೈದ್ಯಕ್ಕೆ ಧನವನ್ನೂ ಆಸ್ಪತ್ರೆಗಳನ್ನೂ ಒದಗಿಸಿತು; ಆದರೂ ಮೇಲಿನ ಹುದ್ದೆಗಳಲ್ಲಿ ಬಹುಕಾಲ ಐರೋಪ್ಯ ಸ್ತ್ರೀಯರೇ ಹೆಚ್ಚಾಗಿದ್ದರು. ಸ್ಥಾನಗಳನ್ನು ಹಂಚುವುದು ಆಡಳಿತದಿಂದ ಸಾಧ್ಯ. ಆ ಸ್ಥಾನಕ್ಕೆ ಬಂದವರನ್ನು ಬೆಳೆಸುವುದು ಹಿರಿಯರಿಂದಲೇ ಆಗಬೇಕು. ಅರೆಗಳಿಗೆಯಲ್ಲಿ ನಿರ್ಣಯ ಕೈಗೊಳ್ಳಬೇಕಾದ ತುರ್ತು ವೈದ್ಯದಲ್ಲಿ, ಪಕ್ಕದಲ್ಲಿ ನಿಂತು ತಿದ್ದುವ ಹಿರಿಯರ ಅಗತ್ಯ ಇನ್ನೂ ಅಧಿಕ. ಗಂಗಾಮೂಲದಿಂದ ಬಂದ ವಿದುಷಿಯು ಪುಣೆಯಲ್ಲಿ ನುಡಿದ ಸಾಕ್ಷ್ಯವನ್ನು ತುರ್ತು ವೈದ್ಯರ ತರಬೇತಿಯನ್ನು ರೂಪಿಸುವವರು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.