ಗುಂಡ್ಲುಪೇಟೆಯ ಗೇಟೂ ಗಾಡಿಗಳ ಸಾಲೂ

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಮದ್ದೂರು (ವಡೆಯ ಮದ್ದೂರಲ್ಲ, ಇದು ಕಾಡಂಚಿನ ಮದ್ದೂರು), ಮೂಲೆಹೊಳೆಗಳ ಮೇಲೆ ಸುಲ್ತಾನ್ ಬತ್ತೇರಿಗೆ, ಅಲ್ಲಿಂದ ಕಲ್ಲಿಕೋಟೆಗೆ ಹೋಗುತ್ತದೆ. ಇನ್ನೊಂದು ಬಂಡೀಪುರದ ಮೂಲಕ ಗೂಡಲೂರು, ಊಟಿಗೆ. ಹಿಂದೆ 212, 67 ಎಂಬ ಸಂಖ್ಯೆಗಳಿದ್ದ ಇವು ಈಗ 766 ಮತ್ತು 181. ಎರಡೂ ಹಾಯುವುದು 1973ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡನ್ನು.

ರಸ್ತೆಯಲ್ಲಿ ವಾಹನಗಳು ಏಕೆ ಗಂಟು ಕಟ್ಟಿಕೊಳ್ಳುತ್ತವೆ? ಅಪಘಾತವೋ, ಕಿರಿದಾದ ಸೇತುವೆಯೋ ಕಾರಣವೆಂದು ನಾವು ಭಾವಿಸುತ್ತೇವೆ. ಜಪಾನಿನ ವಿಜ್ಞಾನಿಗಳು 230 ಮೀಟರಿನ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸುವಂತೆ ಚಾಲಕರಿಗೆ ಹೇಳಿದರು. ಅಡ್ಡಿ ಏನೂ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕಾರುಗಳು ನಿಂತು ನಿಂತು ಚಲಿಸತೊಡಗಿದವು. ಮುಂದಿನವನು ತುಸು ಬ್ರೇಕ್ ಒತ್ತಿದರೆ ಹಿಂದಿನವನು ಇನ್ನಷ್ಟು ಒತ್ತುತ್ತಾನೆ. ಅದು ಅಲೆಯಂತೆ ಹಿಂದೆ ಹಿಂದೆ ಸಾಗುತ್ತದೆ. ಈ ಪ್ರಯೋಗದ ವಿವರ ಪ್ರಕಟವಾದದ್ದು 2008ರಲ್ಲಿ.

ಗಾಡಿಗಳೇ ಪರಸ್ಪರ ಮಾತಾಡಿಕೊಂಡರೆ ಈ ಅಲೆ ಏಳುವುದಿಲ್ಲ ಎಂಬುದು ಎಂಜಿನಿಯರುಗಳ ಹಳೆಯ ಕನಸು. 1997ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಎಂಟು ಬ್ಯೂಕ್ ಕಾರುಗಳು, ಚಾಲಕರು ಕೈ ಹಾಕದೆ, ಸುಮಾರು ಆರೂವರೆ ಮೀಟರ್ ಅಂತರದಲ್ಲಿ ಸಾಲಾಗಿ ಓಡಿದವು. ರಸ್ತೆಯಲ್ಲಿ ಹೂತ ಅಯಸ್ಕಾಂತಗಳು ದಾರಿ ತೋರಿದವು, ರೇಡಿಯೋ ಒಂದರ ವೇಗವನ್ನು ಇನ್ನೊಂದಕ್ಕೆ ತಿಳಿಸಿತು. ಚಾಮರಾಜನಗರ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದದ್ದೂ ಅದೇ ತಿಂಗಳು! 2022ರಲ್ಲಿ ನ್ಯಾಶ್‌ವಿಲ್‌ನ ಹೆದ್ದಾರಿಯಲ್ಲಿ ಇಂಥ 100 ಕಾರುಗಳನ್ನು ಸಾಮಾನ್ಯ ಸಂಚಾರದ ನಡುವೆಯೇ ಬಿಟ್ಟು ನೋಡಿದರು.

ಹೊಸ ಜಿಲ್ಲೆಗೆ ಎದುರಾದ ಸಮಸ್ಯೆ ಮಾತ್ರ ತಿರುಗಾಮುರುಗಾ. ಇಲ್ಲಿ ಗಾಡಿಗಳ ನಡುವೆ ರಸ್ತೆ ದಾಟಬೇಕಾದವು ಜಿಂಕೆ, ಆನೆ, ಕಾಟಿ. ರಾತ್ರಿ ಲಾರಿಗಳಡಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರ ಜೂನ್‌ನಲ್ಲಿ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಹೈಕೋರ್ಟ್ ಮಧ್ಯೆ ಬಂದು, ಜುಲೈನಲ್ಲಿ ನಿಷೇಧವನ್ನು ಮರುಸ್ಥಾಪಿಸಿತು. 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸಿಗೂ ಬೆರಳೆಣಿಕೆಯ ಬಸ್ಸುಗಳಿಗೂ ವಿನಾಯಿತಿ.

ಇದೂ ಸಂಚಾರ ಸಂಯೋಜನೆಯೇ. ಕಂಪ್ಯೂಟರ್ ಗಾಡಿಗಳ ನಡುವಿನ ಅಂತರವನ್ನು ಆಳಿದರೆ ಗೇಟು ಗಡಿಯಾರವನ್ನು ಆಳುತ್ತದೆ. ಒರಟು ಉಪಾಯ, ಸಂದೇಹವಿಲ್ಲ. ಮುಚ್ಚುವ ಮುನ್ನ ದಾಟುವ ಧಾವಂತ, ತೆರೆಯುವ ಹೊತ್ತಿಗೆ ಕಾದು ನಿಂತ ಲಾರಿಗಳ ಸಾಲು. ತರಕಾರಿ ಹೊತ್ತವನಿಗೆ ಪ್ರತಿ ಗಂಟೆಯೂ ನಷ್ಟ. ವಯನಾಡಿನ ಜನ ರಾತ್ರಿ ದಾರಿ ಮುಚ್ಚಿದ್ದಕ್ಕೆ ಸಿಟ್ಟಾದದ್ದು ಸಹಜ. ಆದರೆ ಸ್ಯಾನ್ ಡಿಯಾಗೋ ಮಾದರಿಯ ಸಾಲು ಇಲ್ಲಿ ಓಡಿದರೆ, ಆರೂವರೆ ಮೀಟರ್ ಸಂದಿಯಲ್ಲಿ ಆನೆ ದಾಟಲಾರದು. ರಸ್ತೆಗೆ ಹೆಚ್ಚು ಗಾಡಿ ತುಂಬಿಸುವ ಜಾಣತನ ಕಾಡಿಗೆ ಅನುಕೂಲವಾಗಬೇಕಿಲ್ಲ.

ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಹಗಲೂ ರಸ್ತೆ ಮುಚ್ಚೀತೆಂಬ ಆತಂಕದಿಂದ 2019ರಲ್ಲಿ ಬತ್ತೇರಿಯಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಬದಲಿ ಎಂದು ಆಗ ಮುಂದಿಟ್ಟದ್ದು ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಯ ಸುತ್ತು ದಾರಿ.