ಮಾಗಡಿ ಸೀಮೆಯ ಬೆಟ್ಟಗಳೂ ಅತಿಥಿಧರ್ಮವೂ



ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟವರಿಗೆ ಮಾಗಡಿ ಸೀಮೆಯ ಬಂಡೆಬೆಟ್ಟಗಳು ಒಂದೊಂದಾಗಿ ಗೋಚರಿಸುವುವು. ಗುಡೇಮಾರನಹಳ್ಳಿ ಮೊದಲಾದ ಇಲ್ಲಿನ ಊರುಗಳಿಗೆ ಪರಸ್ಥಳದವನು ಹೊಸಬನಲ್ಲ. ಆದರೆ ಪೂರ್ವದ ಯಾತ್ರಿಕನಿಗೂ ಇಂದಿನ ಪ್ರವಾಸಿಗೂ ಒಂದು ಮುಖ್ಯ ಭೇದವುಂಟು. ಅದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಹಿಂದೆ ದಾರಿಹೋಕನಿಗೆ ನೆರಳಾಗಿ ಗುಂಡುತೋಪು, ಬಾಯಾರಿಕೆಗೆ ಅರವಟ್ಟಿಗೆ, ರಾತ್ರಿಗೆ ಛತ್ರ ಇದ್ದುವು. ಇಂತಹ ಧರ್ಮಕಾರ್ಯಗಳಿಗೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿ ಕನ್ನಡನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು. ಜಾತ್ರೆ ನಡೆದರೆ ತೇರೆಳೆಯುವವರು ಯಾರು, ನೀರು ತರುವವರು ಯಾರು ಎಂಬುದು ಊರಿಗೇ ಗೊತ್ತಿತ್ತು. ಈ ವ್ಯವಸ್ಥೆಯಲ್ಲಿ ಜಾತಿಯ ಗೋಡೆಗಳಿದ್ದುವೆಂಬುದನ್ನು ಮರೆಮಾಚಲಾಗದು. ಆದರೂ ಬಂದವರ ಭಾರವನ್ನು ಹೊರುವ ಏರ್ಪಾಡು ಊರಿನೊಳಗೇ ಇತ್ತು.

ಸಾವನದುರ್ಗವನ್ನು ನೋಡಿರಿ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳ ಈ ಏಕಶಿಲಾಪರ್ವತವು ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರವಿದೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪುವಿನ ಕಾವಲುಪಡೆಯಿಂದ ಇದನ್ನು ಗೆದ್ದುಕೊಂಡಿತು. ಅಂದು ಫಿರಂಗಿಯ ಸದ್ದು ಕೇಳಿದ ಕಲ್ಲಿನ ಬುಡದಲ್ಲಿ ಇಂದು ವೀರಭದ್ರನ, ನರಸಿಂಹನ ಭಕ್ತರೊಡನೆ ಬೆಟ್ಟ ಹತ್ತುವ ಯುವಜನರೂ ಸೇರುವರು.

ಅಲ್ಲಿಂದ ದಕ್ಷಿಣಕ್ಕೆ ರಾಮನಗರದ ರಾಮದೇವರ ಬೆಟ್ಟದ ಕಥೆ ಇನ್ನೂ ಬೋಧಪ್ರದ. 1973ರಲ್ಲಿ ಅದರ ತಪ್ಪಲಿನಲ್ಲಿ 'ಶೋಲೆ' ಚಿತ್ರಕ್ಕಾಗಿ ಒಂದು ಕೃತಕ ಗ್ರಾಮವೇ ಎದ್ದಿತು. ಚಿತ್ರವು 1975ರಲ್ಲಿ ಬಿಡುಗಡೆಯಾಯಿತು. ಆ ಗ್ರಾಮವು ಅಳಿಯಿತು, ಅದನ್ನು ಹುಡುಕಿ ಬರುವ ಜನ ಉಳಿದರು. ಅದೇ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತಿದ್ದುವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಔಷಧವು ಸತ್ತ ದನದ ಮಾಂಸದ ಮೂಲಕ ಈ ಪಕ್ಷಿಗಳಿಗೆ ವಿಷವಾಗಿ, ದೇಶದಾದ್ಯಂತ ಅವುಗಳ ಸಂತತಿ ಕುಸಿಯಿತು. 2006ರಲ್ಲಿ ಆ ಔಷಧದ ಪಶುಚಿಕಿತ್ಸಾ ಬಳಕೆಗೆ ನಿಷೇಧ ಬಂದಿತು. 2012ರಲ್ಲಿ ಬೆಟ್ಟದ ಸುಮಾರು 346 ಹೆಕ್ಟೇರು ಪ್ರದೇಶವು ರಣಹದ್ದುಗಳ ಧಾಮವಾಯಿತು. ಮನುಷ್ಯನ ಕೂಗಾಟವು ಗೂಡಿನ ಮೇಲಿರುವ ಹಕ್ಕಿಯನ್ನು ಎಬ್ಬಿಸಿದರೆ ಆ ಘೋಷಣೆಯಿಂದ ಫಲವೇನು?

ಈಗಿನ ಪ್ರವಾಸಿಯು ಬೆಳಿಗ್ಗೆ ಬಂದು ಸಂಜೆಗೆ ಮರಳುವನು. ಅವನ ಹಣದ ಬಹುಭಾಗ ನಗರದಲ್ಲಿಯೇ ವ್ಯಯವಾಗುವುದು. ಅವನು ಬಿಟ್ಟ ಕಸ ಮಾತ್ರ ಊರಿನ ಪಾಲಿಗೆ. ಭೇದವಿರುವುದು ಇಲ್ಲಿಯೇ. ಹಿಂದೆ ಆತಿಥ್ಯದ ಹೊಣೆಯೂ ಅಧಿಕಾರವೂ ಒಂದೇ ಕೈಯಲ್ಲಿದ್ದುವು. ಇಂದು ಹೊಣೆ ಊರಿನದು, ನಿರ್ಧಾರ ಬೇರೆಯವರದು.

ಇದನ್ನು ಸರಿಪಡಿಸಲು ಹೊಸ ಸಾಧನ ಬೇಕಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮವು ನೈರ್ಮಲ್ಯವನ್ನು ಗ್ರಾಮಪಂಚಾಯತಿಗೆ ಒಪ್ಪಿಸಿದೆ. ಗ್ರಾಮ ಅರಣ್ಯ ಸಮಿತಿಗಳ ಪದ್ಧತಿಯೂ ಅದೇ ವರ್ಷ ಆರಂಭವಾಯಿತು. ವಾಹನ ನಿಲುಗಡೆಯ ಸುಂಕದಲ್ಲಿ ಊರಿಗೆ ನಿಶ್ಚಿತವಾದ ಪಾಲು, ದಾರಿ ತೋರುವ ಕೆಲಸ ಸ್ಥಳೀಯ ತರುಣರಿಗೆ, ಊಟದ ವ್ಯಾಪಾರ ಅಲ್ಲಿನ ಹೆಂಗಸರಿಗೆ, ಹಕ್ಕಿ ಮರಿಮಾಡುವ ಕಾಲದಲ್ಲಿ ಬಂಡೆ ಹತ್ತುವುದನ್ನು ತಡೆಯುವ ಮಾತಿನಲ್ಲಿ ಗ್ರಾಮಸಭೆಗೂ ಸ್ಥಾನ: ಇಷ್ಟಾದರೆ ಸಾಕು. ಕಾವಲುಗಾರನನ್ನು ಹೊರಗಿನಿಂದ ತರಬಹುದು. ಬೆಟ್ಟ ತನ್ನದೆಂಬ ಅಭಿಮಾನವನ್ನು ತರಲಾಗದು.

ಮುಂದಿನ ಭಾನುವಾರ ಆ ದಿಕ್ಕಿಗೆ ಹೊರಡುವ ಶ್ರೋತೃಗಳಿಗೆ ಒಂದೇ ವಿಜ್ಞಾಪನೆ. ಅತಿಥಿಗೂ ಒಂದು ಧರ್ಮವುಂಟು: ಮನೆಯವರನ್ನು ಕೇಳಿ ಒಳಗೆ ಹೋಗುವುದು. ಬೆಟ್ಟಕ್ಕೂ ಮನೆಯವರಿದ್ದಾರೆ.